ಮೂವತ್ತೊಂಬತ್ತು ಹೊಸದು, ಒಂದು ಹಳೆಯದು

ಮಂಡ್ಯದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ಸುಟ್ಟ ಪಂಪ್‌ಸೆಟ್ ಮೋಟರ್‌ಗಳು ಬಾಗಿಲ ತನಕ ಸಾಲುಗಟ್ಟುತ್ತವೆ. ನಾಲೆಗೆ ನೀರು ಬಿಟ್ಟು ಮಳೆಯೂ ಹಿಡಿಯಿತೆಂದರೆ ನೊಣ ಹೊಡೆಯುತ್ತಾ ಕೂರಬೇಕು. ಆ ಬಿಡುವಿನಲ್ಲಿ ಎಲೆಕ್ಟ್ರಿಕ್ ಸೈಕಲ್‌ಗೆ ಲಿಥಿಯಂ ಬ್ಯಾಟರಿ ಪ್ಯಾಕ್ ಕಟ್ಟಲು ಹೊರಟೆ. ಎರಡು ವಾರದ ಕೆಲಸ ಎಂದುಕೊಂಡದ್ದು ಮೂರು ತಿಂಗಳು ಹಿಡಿಯಿತು. ಅಂಗಡಿಯ ರಿಜಿಸ್ಟರಿನ ಕೊನೆಯ ಪುಟಗಳಲ್ಲಿ ಗೀಚಿಟ್ಟದ್ದನ್ನು ದಿನಾಂಕದ ಪ್ರಕಾರ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಜೂನ್ 14: ಸೈಕಲ್ ಬಂತು

ಪೇಟೆ ಬೀದಿಯ ಪರಿಚಯದವರೊಬ್ಬರು ಮೂಲೆಗೆ ಹಾಕಿದ್ದ ಸೈಕಲ್. 4,500 ರೂಪಾಯಿ ಕೊಟ್ಟೆ. ಹಿಂದಿನ ಚಕ್ರದಲ್ಲಿ 36 ವೋಲ್ಟ್, 250 ವಾಟ್‌ನ ಹಬ್ ಮೋಟರ್. ಸೀಟಿನ ಕೆಳಗಿನ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ 12 ವೋಲ್ಟ್, 12 ಎಎಚ್‌ನ (ಆಂಪಿಯರ್-ಅವರ್, ಎಷ್ಟು ತುಂಬುತ್ತದೆ ಎಂಬುದರ ಅಳತೆ) ಮೂರು ಸೀಸದ ಬ್ಯಾಟರಿ, ಒಂದೊಂದೂ ಹತ್ತಿರ ಹತ್ತಿರ ನಾಲ್ಕು ಕಿಲೋ. ಒಂದರಲ್ಲಿ 6.2 ವೋಲ್ಟ್ ಉಳಿದಿತ್ತು, ಇನ್ನೆರಡರ ಹೊಟ್ಟೆ ಉಬ್ಬಿತ್ತು. ಗುಜರಿಯವನು ಮೂರಕ್ಕೂ ಸೇರಿ 900 ಕೊಟ್ಟ. ಮೋಟರ್ ಬಿಚ್ಚಿ ನೋಡಿದೆ: ವೈಂಡಿಂಗ್ ಚೆನ್ನಾಗಿದೆ, ಮೋಟರ್ ತಿರುಗುವ ಸ್ಥಾನ ತಿಳಿಸುವ ಹಾಲ್ ಸೆನ್ಸರ್ ಮೂರೂ ಜೀವಂತ. ಮೋಟರಿಗೆ ಕರೆಂಟ್ ಹದ ಮಾಡಿ ಕೊಡುವ ಕಂಟ್ರೋಲರ್ ಮೇಲಿನ ಚೀಟಿಯಲ್ಲಿ ಗರಿಷ್ಠ 15 ಆಂಪಿಯರ್, 31 ವೋಲ್ಟಿಗೆ ಕಟ್ ಎಂದಿತ್ತು.

ಲೆಕ್ಕ ಅಲ್ಲಿಂದಲೇ ಹುಟ್ಟಿತು. 18650 ಎಂಬ ಬೆರಳುದ್ದದ ಉರುಟು ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, ಹತ್ತನ್ನು ಸಾಲಾಗಿ ಜೋಡಿಸಿದರೆ 42. ಕಂಟ್ರೋಲರ್ 31ಕ್ಕೆ ನಿಲ್ಲಿಸಿದರೆ ಸೆಲ್‌ಗೆ 3.1, ಅದೂ ಸರಿ. 2,600 ಎಂಎಎಚ್‌ನ (ಅಂದರೆ 2.6 ಎಎಚ್) ನಾಲ್ಕು ಸೆಲ್ ಸೇರಿ ಒಂದು ಗುಂಪು, ಅಂಥ ಹತ್ತು ಗುಂಪು. ಒಟ್ಟು 40 ಸೆಲ್, 10.4 ಎಎಚ್. ಹದಿನೈದು ಆಂಪಿಯರ್ ಎಳೆದರೂ ಒಂದು ಸೆಲ್ಲಿನ ಪಾಲಿಗೆ ನಾಲ್ಕಕ್ಕಿಂತ ಕಡಿಮೆ.

ಜೂನ್ 22ರಿಂದ 28: ಅಗ್ಗದ ದಾರಿ

ತಂಗಿಯ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಬಿಚ್ಚಿದ ಸೆಲ್‌ಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ ಎಂದು ನಾನೇ ಅವನಿಗೆ ಹೇಳಿ, ನಾನೇ ಹೋಗಿ 60 ತಂದೆ. ಒಂದಕ್ಕೆ 35 ರೂಪಾಯಿಯಂತೆ 2,100. ಅವನ ಸ್ನೇಹಿತನಿಂದ ಕೆಪಾಸಿಟಿ ಟೆಸ್ಟರ್ ಎರವಲು ತಂದು ನಾಲ್ಕು ನಾಲ್ಕರಂತೆ ಹಚ್ಚಿದೆವು.

60ರಲ್ಲಿ 11 ಸೆಲ್ ಎರಡು ವೋಲ್ಟಿಗಿಂತ ಕೆಳಗಿದ್ದವು. ಅಷ್ಟು ಕೆಳಗೆ ಬಹುಕಾಲ ಬಿದ್ದಿದ್ದ ಸೆಲ್ಲಿನೊಳಗೆ ತಾಮ್ರ ಕರಗಿರುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಒಳಗೊಳಗೇ ಶಾರ್ಟ್ ಆಗಬಹುದು. ಅವನ್ನು ಮುಟ್ಟಲಿಲ್ಲ. ಐದು ಸೆಲ್ ಚಾರ್ಜ್ ಆಗುವಾಗಲೇ ಕೈಗೆ ಬಿಸಿ ತಾಗಿದವು. ಉಳಿದವು 900 ಎಂಎಎಚ್‌ನಿಂದ 2,050ರ ತನಕ ಮನಸ್ಸಿಗೆ ಬಂದಂತೆ. 1,800 ದಾಟಿದವು 23 ಮಾತ್ರ. ಆ ಇಪ್ಪತ್ತಮೂರರ ತುದಿಗಳಿಗೆ ಟೇಪ್ ಹಚ್ಚಿ, ಮೈಮೇಲೆ ವೋಲ್ಟ್ ಬರೆದು, ಖಾಲಿ ವಾರ್ನಿಷ್ ಡಬ್ಬಿಯಲ್ಲಿ ಹಾಕಿಟ್ಟೆ. ಎಸೆಯುವ ಬುದ್ಧಿ ನಮ್ಮ ಕಸುಬಿನವರಿಗೆ ಇಲ್ಲ.

ಜುಲೈ 5: ಹೊಸ ಸೆಲ್

ಬೆಳಗಿನ ರೈಲು ಹಿಡಿದು ಮತ್ತೆ ಬೆಂಗಳೂರಿಗೆ. ಹೊಸ ಸೆಲ್ 40, ಒಂದಕ್ಕೆ 170ರಂತೆ 6,800. ಈ ಬಾರಿ ಅಕ್ಕಸಾಲಿಗರು ಬಳಸುವ ಪುಟ್ಟ ತಕ್ಕಡಿಯನ್ನು ಜೇಬಿನಲ್ಲಿ ಒಯ್ದಿದ್ದೆ. ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ; ಮೇಲೆ ದೊಡ್ಡ ಅಂಕಿ ಬರೆದು ಒಳಗೆ ಟೊಳ್ಳಾಗಿರುವ ನಕಲಿ ಮೂವತ್ತು ಚಿಲ್ಲರೆ ಗ್ರಾಂಗೇ ನಿಲ್ಲುತ್ತದೆ. ಒಂದೊಂದಾಗಿ ತೂಗುವುದನ್ನು ಕಂಡು ಅಂಗಡಿಯವರು ನಕ್ಕರು, ಆದರೆ ತಡೆಯಲಿಲ್ಲ. 44.6ರಿಂದ 45.1 ಗ್ರಾಂ. ವೋಲ್ಟ್ 3.52ರಿಂದ 3.54. ತೃಪ್ತಿಯಾಯಿತು. ಎಷ್ಟು ತೃಪ್ತಿ ಎಂದರೆ, ಒಂದೆರಡು ಹೆಚ್ಚಿಗೆ ಕೊಳ್ಳಬೇಕು ಎಂಬುದೇ ತಲೆಗೆ ಹೊಳೆಯಲಿಲ್ಲ.

ಜುಲೈ 8: ತಪ್ಪು ನಡೆದ ದಿನ

ಪ್ಲಾಸ್ಟಿಕ್ ಹೋಲ್ಡರ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿ ನಾಲ್ಕು ಸಾಲು, ಹತ್ತು ಮನೆ ಮಾಡಿ ಸೆಲ್ ಕೂರಿಸುತ್ತಿದ್ದೆ. ಒಟ್ಟು ಅಳತೆ 205 ಮಿ.ಮೀ. ಉದ್ದ, 82 ಅಗಲ, 72 ಎತ್ತರ. ಹಳೆಯ ಪೆಟ್ಟಿಗೆಯಲ್ಲಿ ಧಾರಾಳವಾಗಿ ಕೂರುತ್ತದೆ. ಇಪ್ಪತ್ತೇಳನೆಯ ಸೆಲ್ ಮೇಜಿನಿಂದ ಉರುಳಿ ಸಿಮೆಂಟ್ ನೆಲಕ್ಕೆ ಬಿತ್ತು. ಕೆಳ ಅಂಚಿನಲ್ಲಿ ಹುಣಸೆ ಬೀಜದಷ್ಟು ತಗ್ಗು. ತಗ್ಗು ಬಿದ್ದ ಸೆಲ್ಲನ್ನು ಪ್ಯಾಕಿಗೆ ಹಾಕಬಾರದು, ಒಳಗಿನ ಪದರ ಒತ್ತಿ ಯಾವಾಗ ಬೇಕಾದರೂ ಶಾರ್ಟ್ ಆದೀತು. ಅದು ಗೊತ್ತಿತ್ತು, ತೆಗೆದು ಪಕ್ಕಕ್ಕಿಟ್ಟೆ. ಒಂದು ಸೆಲ್ಲಿಗಾಗಿ ಮತ್ತೆ ಬೆಂಗಳೂರಿಗೆ ಹೋಗಬೇಕೇ ಎಂದು ಯೋಚಿಸುತ್ತಿರುವಾಗ ಕಣ್ಣು ವಾರ್ನಿಷ್ ಡಬ್ಬಿಯ ಕಡೆ ಹೋಯಿತು.

ಅದರಲ್ಲಿ 2,050 ಎಂಎಎಚ್ ಬಂದಿದ್ದ ಸೆಲ್ ತೆಗೆದೆ. ಜೂನ್ 28ರಂದು ಡಬ್ಬಿಗೆ ಹಾಕುವಾಗ ಅದರ ಮೈಮೇಲೆ 3.80 ಎಂದು ಬರೆದಿದ್ದೆ. ಈಗ ಮೀಟರ್ ಹಿಡಿದರೆ 3.55. ಹೊಸ ಸೆಲ್‌ಗಳದ್ದು 3.53. ಸಮಾನಾಂತರವಾಗಿ ಜೋಡಿಸುವ ಸೆಲ್‌ಗಳ ವೋಲ್ಟ್ ಒಂದೇ ಇರಬೇಕು. ಇಲ್ಲದಿದ್ದರೆ ಹೆಚ್ಚಿರುವುದು ಕಡಿಮೆ ಇರುವುದರೊಳಕ್ಕೆ ಒಮ್ಮೆಗೇ ನುಗ್ಗುತ್ತದೆ. ಬಲ್ಬ್ ಹಚ್ಚಿ ಇಳಿಸುವ ಕೆಲಸ ಉಳಿಯಿತಲ್ಲ, ತಾನಾಗಿಯೇ ಹೊಂದಿಕೊಂಡಿದೆ ಎಂದು ಸಂತೋಷಪಟ್ಟೆ.

ಹತ್ತು ದಿನ ಡಬ್ಬಿಯಲ್ಲಿ ಸುಮ್ಮನೆ ಮಲಗಿದ್ದ ಸೆಲ್ 0.25 ವೋಲ್ಟ್ ಕಳೆದುಕೊಂಡದ್ದು ಎಲ್ಲಿಗೆ ಎಂದು ಕೇಳಿಕೊಳ್ಳಲಿಲ್ಲ. ರೋಗದ ಲಕ್ಷಣವನ್ನೇ ಅನುಕೂಲ ಎಂದು ಓದಿದೆ.

"ಮಾವ, ಮೂವತ್ತೊಂಬತ್ತು ಹೊಸದು, ಒಂದು ಹಳೆಯದು. ಇದು ಬೇಡ" ಎಂದ ತಂಗಿಯ ಮಗ.

"ನಾಲ್ಕರಲ್ಲಿ ಒಂದು ತಾನೇ, ಮಿಕ್ಕ ಮೂರು ಎಳೆದುಕೊಂಡು ಹೋಗುತ್ತವೆ ಬಿಡು" ಎಂದೆ. ಏಳನೆಯ ಗುಂಪಿನಲ್ಲಿ ಕೂರಿಸಿದೆ.

ಜುಲೈ 9ರಿಂದ 16: ಉಪ್ಪು ನೀರು

ಸೆಲ್‌ಗಳನ್ನು ಒಂದಕ್ಕೊಂದು ಜೋಡಿಸಲು ಪೇಟೆಯಲ್ಲಿ ನಿಕ್ಕಲ್ ಎಂದು ಹೇಳಿ ಕೊಟ್ಟ ಪಟ್ಟಿ 240 ರೂಪಾಯಿ. ಅರದಿಂದ ಗೀರಿ, ಲೋಟದ ಉಪ್ಪು ನೀರಿನಲ್ಲಿ ರಾತ್ರಿ ಬಿಟ್ಟೆ. ಬೆಳಗ್ಗೆ ಗೀರಿನ ಉದ್ದಕ್ಕೂ ಕೆಂಪು ತುಕ್ಕು, ತಳದಲ್ಲಿ ಟೀ ಬಣ್ಣದ ನೀರು. ಕಬ್ಬಿಣಕ್ಕೆ ನಿಕ್ಕಲ್ ಲೇಪ. ಕಬ್ಬಿಣಕ್ಕೆ ರೋಧ ಹೆಚ್ಚು, ಕರೆಂಟ್ ಎಳೆದಾಗ ಕಾಯುತ್ತದೆ, ಮಳೆಗಾಲದಲ್ಲಿ ತುಕ್ಕು ಬೇರೆ. ಶುದ್ಧ ನಿಕ್ಕಲ್ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತರಿಸಿದೆ: 0.15 ಮಿ.ಮೀ. ದಪ್ಪ, 8 ಮಿ.ಮೀ. ಅಗಲ, 520 ರೂಪಾಯಿ. ಅದಕ್ಕೂ ಅದೇ ಉಪ್ಪು ನೀರಿನ ಪರೀಕ್ಷೆ. ಮೂರು ದಿನವಾದರೂ ಬೆಳ್ಳಗೇ ಇತ್ತು.

ಕಾಯುವ ಬಿಡುವಿನಲ್ಲಿ ಪ್ಲಸ್ ತುದಿಗಳಿಗೆ ಬಳೆ ಕತ್ತರಿಸಿದೆ. ಈ ಸೆಲ್ಲಿನಲ್ಲಿ ಪ್ಲಸ್ ಎಂದರೆ ನೆತ್ತಿಯ ಗುಂಡಿ ಮಾತ್ರ. ಅದರ ಸುತ್ತಲ ಅಂಚಿನಿಂದ ಹಿಡಿದು ಇಡೀ ಕೊಳವೆಯೇ ಮೈನಸ್. ನಡುವೆ ಇರುವುದು ಒಂದು ತೆಳು ಪ್ಲಾಸ್ಟಿಕ್ ಹೊದಿಕೆ. ಮೇಲೆ ಹಾಯುವ ಪಟ್ಟಿ ಆ ಹೊದಿಕೆಯನ್ನು ಸವೆಸಿದರೆ ಕಥೆ ಮುಗಿಯಿತು. ಅದಕ್ಕಾಗಿ ಅಂಟಿಸುವ ಕಾಗದದ ಬಳೆ ಮಾರುತ್ತಾರೆ. ನನ್ನ ಅಂಗಡಿಯಲ್ಲಿ ಮೋಟರಿನ ಸ್ಲಾಟ್‌ಗೆ ಹಾಕುವ ಲೆದರಾಯ್ಡ್ ಕಾಗದ ಸುರುಳಿಗಟ್ಟಲೆ ಬಿದ್ದಿದೆ. ಪಂಚ್ ಮಾಡಿ 40 ಬಳೆ ತೆಗೆದೆ, ಖರ್ಚು ಸೊನ್ನೆ. ಇಡೀ ಕೆಲಸದಲ್ಲಿ ನನ್ನ ಕಸುಬು ಉಪಯೋಗಕ್ಕೆ ಬಂದದ್ದು ಇಲ್ಲೊಂದೇ ಕಡೆ.

ಜುಲೈ 17, 18: ವೆಲ್ಡಿಂಗ್

ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಿದರೆ ಕಾವು ಒಳಗೆ ಇಳಿದು ಸೆಲ್ ಕೆಡುತ್ತದೆ. ಕ್ಷಣಮಾತ್ರ ಕರೆಂಟ್ ಹಾಯಿಸಿ ಚುಕ್ಕೆಯಷ್ಟೇ ಬೆಸೆಯುವ ಸ್ಪಾಟ್ ವೆಲ್ಡಿಂಗೇ ಆಗಬೇಕು. 1,700 ರೂಪಾಯಿಯ ಬೋರ್ಡ್, ಎರಡು ತಾಮ್ರದ ಮೊನೆಗಳು, ಕರೆಂಟಿಗೆ ಪಕ್ಕದ ಗ್ಯಾರೇಜಿನಿಂದ ತಂದ 12 ವೋಲ್ಟ್ ಕಾರ್ ಬ್ಯಾಟರಿ.

ಕೈ ಪಳಗಿಸಲು ಸತ್ತ ಲ್ಯಾಪ್‌ಟಾಪ್ ಸೆಲ್‌ಗಳನ್ನು ಬಳಸಿದೆ. ಮೊದಲ ಹತ್ತು ಚುಕ್ಕೆ ಉಗುರಿನಲ್ಲಿ ಕಿತ್ತರೂ ಎದ್ದು ಬಂದವು. ಪಲ್ಸ್ ಏರಿಸಿದೆ, ಚಟ್ ಎಂದು ಪಟ್ಟಿಯೇ ತೂತಾಗಿ, ಸೆಲ್ಲಿನ ತಳದಲ್ಲಿ ಕಪ್ಪು ಕುಳಿ ಬಿತ್ತು. ಒಂದು ಮೆಟ್ಟಿಲು ಇಳಿಸಿದೆ, ಮೊನೆಗಳನ್ನು ಅರದಿಂದ ಚೂಪು ಮಾಡಿದೆ, ಒತ್ತುವ ಬಲ ಹೆಚ್ಚಿಸಿದೆ. ಇಕ್ಕಳದಿಂದ ಎಳೆದಾಗ ಪಟ್ಟಿ ಹರಿದು ಬಂದು, ಬೆಸೆದ ಎರಡು ಚುಕ್ಕೆ ಸೆಲ್ಲಿನ ಮೇಲೇ ಉಳಿಯಬೇಕು. ಹಾಗೆ ಬಂದಾಗ ಬೋರ್ಡಿನ ಗುಂಡಿಗೆ ಪೆನ್ನಿನಿಂದ ಗುರುತು ಹಾಕಿದೆ. ಪ್ರತಿ ತುದಿಗೆ ಎರಡು ಬಾರಿ, ಒಟ್ಟು 160 ಬಾರಿ. ಇಪ್ಪತ್ತು ಸಲಕ್ಕೊಮ್ಮೆ ಮೊನೆ ಕಪ್ಪಾಗುತ್ತದೆ, ಉಜ್ಜಬೇಕು.

ಶುರು ಮಾಡುವ ಮೊದಲು ಉಂಗುರ, ಗಡಿಯಾರ ಎರಡನ್ನೂ ಬಿಚ್ಚಿಟ್ಟೆ. ಶಟರ್ ಪೂರ್ತಿ ಎತ್ತಿ, ಬಕೆಟ್ ಮರಳನ್ನು ಕಾಲ ಬಳಿ ಇಟ್ಟುಕೊಂಡೆ. ನಮ್ಮ ಕಸುಬಿನಲ್ಲಿ ಭಯವೆಲ್ಲ ವೋಲ್ಟಿನದು. 415 ವೋಲ್ಟಿನ ಎದುರು 36 ವೋಲ್ಟ್ ಎಂದರೆ ಮಕ್ಕಳಾಟ ಎನ್ನಿಸುತ್ತದೆ. ಆದರೆ ಮೋಟರ್ ಕೆಲಸದಲ್ಲಿ ಮೇನ್ ಸ್ವಿಚ್ ಇಳಿಸಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು. ಪ್ಯಾಕಿಗೆ ಮೇನ್ ಸ್ವಿಚ್ ಇಲ್ಲ. ಕಟ್ಟುತ್ತಿರುವಾಗಲೂ ಅದು ಚಾಲೂ. ಇದನ್ನು ತಲೆಯಿಂದ ಕೈಗೆ ಇಳಿಸಲು ಒಂದು ದಿನವೇ ಬೇಕಾಯಿತು.

ಜುಲೈ 20: ಬಿಎಂಎಸ್

ಬಿಎಂಎಸ್ ಎಂದರೆ ಪ್ರತಿ ಗುಂಪಿನ ವೋಲ್ಟ್ ಕಾಯ್ದು, ಮಿತಿ ದಾಟಿದರೆ ಕರೆಂಟ್ ಕಡಿಯುವ ಬೋರ್ಡ್. ಹತ್ತು ಗುಂಪಿನ, 20 ಆಂಪಿಯರ್ ಬೋರ್ಡ್, 780 ರೂಪಾಯಿ. ಹನ್ನೊಂದು ಸಣ್ಣ ವೈರ್: ಒಂದು ಒಟ್ಟು ಮೈನಸ್‌ಗೆ, ಮಿಕ್ಕ ಹತ್ತು ಪ್ರತಿ ಗುಂಪಿನ ಪ್ಲಸ್‌ಗೆ. ಸೂಜಿ ಕನೆಕ್ಟರನ್ನು ಬೋರ್ಡಿಗೆ ಚುಚ್ಚುವ ಮೊದಲು ಮೀಟರ್ ಹಿಡಿದು ಎಣಿಸಿದೆ. 3.53, 7.06, 10.59, 14.12, ಆಮೇಲೆ 21.18, ಅದರ ನಂತರ 17.65. ಐದು ಮತ್ತು ಆರು ಅದಲುಬದಲು. ಹಾಗೆಯೇ ಚುಚ್ಚಿದ್ದರೆ ಬೋರ್ಡಿನಿಂದ ಹೊಗೆ ಬರುತ್ತಿತ್ತು. ಈ ಒಂದು ಸಲ ನಾನು ಅವಸರ ಮಾಡಲಿಲ್ಲ ಎಂದು ಬರೆದುಕೊಳ್ಳಲು ಹೆಮ್ಮೆ.

ಪ್ಲಸ್ ವೈರಿಗೆ 20 ಆಂಪಿಯರ್ ಫ್ಯೂಸ್, ಸಿಲಿಕಾನ್ ವೈರ್, ಕಾವು ತಾಳುವ ಕ್ಯಾಪ್ಟಾನ್ ಟೇಪ್, ಮೇಲೆ ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಹೊದಿಕೆ. ಪೂರ್ತಿ ತೂಕ 2.4 ಕಿಲೋ. ಹನ್ನೆರಡು ಕಿಲೋ ಸೀಸ ಹೊತ್ತಿದ್ದ ಪೆಟ್ಟಿಗೆಯಲ್ಲಿ ಅದು ಗಲಗಲ ಎನ್ನುತ್ತಿತ್ತು. ಸುತ್ತ ಫೋಮ್ ತುಂಬಿದೆ.

ಹಳೆಯ ಚಾರ್ಜರ್ ಬಗ್ಗೆ ಒಂದು ಮಾತು. ಅದರ ಮೇಲೂ 36 ವೋಲ್ಟ್ ಎಂದೇ ಬರೆದಿದೆ, ಪಿನ್ ಕೂಡ ಕೂರುತ್ತದೆ. ಅಳೆದರೆ 44. ಅದು ಸೀಸದ ಬ್ಯಾಟರಿಯದು. ಇಲ್ಲಿ ಹಚ್ಚಿದರೆ ಸೆಲ್‌ಗೆ 4.4 ಬೀಳುತ್ತದೆ. ಬಿಎಂಎಸ್ ತಡೆಯುತ್ತದೆ, ನಿಜ, ಆದರೆ ಅದೊಂದನ್ನೇ ನಂಬಿ ಮಲಗಲಾಗದು. ಹೊಸದು 42 ವೋಲ್ಟ್, 2 ಆಂಪಿಯರ್, 1,150 ರೂಪಾಯಿ. ಹಳೆಯದರ ಪಿನ್ನನ್ನು ಅಂದೇ ಕತ್ತರಿಸಿ ಹಾಕಿದೆ.

ಜುಲೈ 21ರಿಂದ 24

ಮೊದಲ ಚಾರ್ಜ್ ಅಂಗಡಿಯ ಹಿಂದಿನ ಕಲ್ಲಿನ ಮೇಲೆ, ಕಣ್ಣೆದುರು. ನಾಲ್ಕು ಗಂಟೆ ಹಿಡಿಯಿತು. ಒಂಬತ್ತು ಗುಂಪು 4.19, 4.20. ಏಳನೆಯದು 4.16. ರಿಜಿಸ್ಟರಿನಲ್ಲಿ ಬರೆದು ಮುಂದಕ್ಕೆ ಹೋದೆ.

ಕನೆಕ್ಟರ್ ಸಿಕ್ಕಿಸಿದಾಗ ಪಟ್ ಎಂದು ಕಿಡಿ ಹಾರಿ ಪಿನ್ ಮೇಲೆ ಕಪ್ಪು ಚುಕ್ಕೆ ಬಿತ್ತು. ಕಂಟ್ರೋಲರಿನ ಕ್ಯಾಪಾಸಿಟರ್ ಖಾಲಿ ಇರುವುದರಿಂದ ಹಾಗೆ. ಈಗ ಮೊದಲು 100 ಓಮ್ ರೆಸಿಸ್ಟರ್ ಮೂಲಕ ತಾಗಿಸಿ, ಒಂದೆರಡು ಸೆಕೆಂಡ್ ಬಿಟ್ಟು ಸಿಕ್ಕಿಸುತ್ತೇನೆ.

24ರಂದು ಮನೆಯಿಂದ ಅಂಗಡಿಗೆ 9 ಕಿ.ಮೀ. ಸವಾರಿ. ನಾಲೆ ಏರಿಯ ಮೇಲೆ ಪೆಡಲ್ ತುಳಿಯದೆ ಗಂಟೆಗೆ 24 ಕಿ.ಮೀ. ಎರಡು ವಾರ ಊರಿಗೆಲ್ಲ ತೋರಿಸಿಕೊಂಡು ಬಂದೆ.

ಆಗಸ್ಟ್ 10: ನಿಂತಿತು

ಸಂಜೆ, ಜಿಟಿಜಿಟಿ ಮಳೆ, ಮನೆ ಇನ್ನೂ 5 ಕಿ.ಮೀ. ಇರುವಾಗ ದೀಪ ಸಮೇತ ಎಲ್ಲವೂ ಆರಿತು. ಹಬ್ ಮೋಟರಿನ ಸೈಕಲ್ಲನ್ನು ತುಳಿಯುವುದೆಂದರೆ ಹಿಂದೆ ಯಾರೋ ಹಿಡಿದೆಳೆದ ಹಾಗೆ. ಬೆಳಗ್ಗೆ ಪೆಟ್ಟಿಗೆ ಬಿಚ್ಚಿ ಅಳೆದೆ: ಒಂಬತ್ತು ಗುಂಪು 3.46, ಏಳನೆಯದು 3.02. ಒಟ್ಟು 34.2, ಒಟ್ಟನ್ನು ಮಾತ್ರ ನೋಡಿದವರಿಗೆ ಬ್ಯಾಟರಿ ಆರೋಗ್ಯವಾಗಿದೆ. ಆದರೆ ಏರಿನಲ್ಲಿ ಭಾರ ಬಿದ್ದಾಗ ಏಳನೆಯ ಗುಂಪು 2.8ಕ್ಕೆ ಕುಸಿದಿದೆ, ಬಿಎಂಎಸ್ ತನ್ನ ಕೆಲಸ ಮಾಡಿ ಬಾಗಿಲು ಹಾಕಿದೆ.

ಏಳನೆಯ ಗುಂಪು ಎಂದ ಕೂಡಲೇ ಕಾರಣ ಮನಸ್ಸಿಗೆ ಗೊತ್ತಾಗಿತ್ತು. ಆದರೂ ಮೊದಲು ವೆಲ್ಡಿಂಗನ್ನು ದೂರಿದೆ, ಆ ಗುಂಪಿನ ಪಟ್ಟಿಗಳಿಗೆ ಇನ್ನಷ್ಟು ಚುಕ್ಕೆ ಹಾಕಿದೆ. ಆಮೇಲೆ ಬಿಎಂಎಸ್ ಬೋರ್ಡನ್ನು ದೂರಿದೆ. ಕೊನೆಗೆ ಒಂಟಿ ಸೆಲ್ಲಿನ ಚಾರ್ಜರಿನಿಂದ ಏಳನೆಯ ಗುಂಪನ್ನು ಮಾತ್ರ ತುಂಬಿ ಉಳಿದವಕ್ಕೆ ಸರಿಗಟ್ಟಿದೆ. ಜ್ವರದವನಿಗೆ ಮಾತ್ರೆ ಕೊಟ್ಟ ಹಾಗೆ ಹತ್ತು ದಿನ ಚೆನ್ನಾಗಿತ್ತು.

ಬಿಎಂಎಸ್ ತಾನೂ ಸರಿದೂಗಿಸುತ್ತದೆ. ಚಾರ್ಜ್‌ನ ಕೊನೆಯಲ್ಲಿ ಮುಂದಿರುವ ಗುಂಪುಗಳಿಂದ ಒಂದಿಷ್ಟು ಸೋರಿಸಿ ಹಿಂದಿರುವುದಕ್ಕೆ ಕಾಯುತ್ತದೆ. ಆದರೆ ಅದು ಸೋರಿಸುವುದು 50 ಮಿಲಿಆಂಪಿಯರ್, ಅದೂ ಚಾರ್ಜರ್ ಹಚ್ಚಿರುವ ತನಕ. ನಾನೋ ಹಸಿರು ದೀಪ ಕಂಡೊಡನೆ ಕೀಳುತ್ತಿದ್ದೆ.

ಆಗಸ್ಟ್ 21ರಿಂದ 26: ಸುಮ್ಮನೆ ಇಟ್ಟು ನೋಡುವುದು

ಪೂರ್ತಿ ತುಂಬಿ, ಎಲ್ಲ ಬಿಚ್ಚಿ, ಐದು ದಿನ ಮೇಜಿನ ಮೇಲೆ ಇಟ್ಟೆ. ದಿನಕ್ಕೊಮ್ಮೆ ಮೀಟರ್. ಒಂಬತ್ತು ಗುಂಪು 4.17ರಿಂದ 4.16ಕ್ಕೆ ಬಂದು ಅಲ್ಲೇ ನಿಂತವು. ಏಳನೆಯದು 4.16, 4.15, 4.13, 4.12, 4.10, 4.09. ಸೋರುವ ಕೊಡ.

ಜೂನ್‌ನಲ್ಲಿ ಹಳೆಯ ಸೆಲ್‌ಗಳಿಗೆ ಈ ಪರೀಕ್ಷೆ ಮಾಡಿರಲಿಲ್ಲ. ಎಷ್ಟು ತುಂಬುತ್ತದೆ ಎಂದು ಅಳೆದೆನೇ ಹೊರತು ತುಂಬಿದ್ದು ಎಷ್ಟು ದಿನ ನಿಲ್ಲುತ್ತದೆ ಎಂದು ಅಳೆಯಲಿಲ್ಲ.

ಆಗಸ್ಟ್ 28: ಕತ್ತರಿಸಿದೆ

ಪ್ಯಾಕನ್ನು ಅರ್ಧಕ್ಕೆ ಇಳಿಸಿ ಬಿಚ್ಚಬೇಕಿತ್ತು. ತುಂಬಿರುವಾಗಲೇ ಕೈ ಹಾಕಿದೆ, ಇದು ಎರಡನೆಯ ದೊಡ್ಡ ತಪ್ಪು. ಹೀಟ್ ಶ್ರಿಂಕ್ ಸೀಳಿ, ಅಕ್ಕಪಕ್ಕದ ಗುಂಪುಗಳ ಮೇಲೆ ಲೆದರಾಯ್ಡ್ ಹಾಳೆ ಹೊದಿಸಿ, ಹಳೆಯ ಸೆಲ್ಲಿನ ಸುತ್ತಲ ನಿಕ್ಕಲ್ ಪಟ್ಟಿಯನ್ನು ಸಣ್ಣ ಕಟ್ಟರಿನಿಂದ ಕತ್ತರಿಸುತ್ತಾ ಬಂದೆ. ಮೂರನೆಯ ತುಂಡಿನಲ್ಲಿ ಹಾಳೆ ಒಂದು ಕೂದಲೆಳೆಯಷ್ಟು ಜರುಗಿತ್ತು. ಕಟ್ಟರಿನ ಒಂದು ದವಡೆ ಏಳನೆಯ ಗುಂಪಿನ ಪಟ್ಟಿಗೆ, ಬೆನ್ನು ಎಂಟನೆಯದಕ್ಕೆ ತಾಗಿತು. ಸದ್ದು ದೊಡ್ಡದೇನಲ್ಲ, ಒಣ ಕಡ್ಡಿ ಮುರಿದಷ್ಟು. ಬೆಳಕು ಮಾತ್ರ ವೆಲ್ಡಿಂಗ್ ಅಂಗಡಿಯದು. ಕಟ್ಟರಿನ ಬೆನ್ನಿನಲ್ಲಿ ಅಕ್ಕಿಕಾಳಿನಷ್ಟು ಉಕ್ಕು ಕರಗಿ ಹೋಗಿ, ಸುತ್ತ ನೀಲಿ ಬಣ್ಣ ಕಟ್ಟಿತ್ತು. ತಾಗಿದ್ದು ಎರಡು ಗುಂಪಿಗೆ ಮಾತ್ರ, ನಾಲ್ಕು ವೋಲ್ಟ್.

ಕಟ್ಟರನ್ನು ಕೆಳಗಿಟ್ಟು ಹೊರಗೆ ಹೋಗಿ ಟೀ ಕುಡಿದೆ. ತಂಗಿಯ ಮಗ ಏನೂ ಹೇಳಲಿಲ್ಲ. ಒಳಗೆ ಬಂದಾಗ ಕಟ್ಟರಿನ ದವಡೆಯೊಂದನ್ನು ಬಿಟ್ಟು ಮಿಕ್ಕ ಮೈಗೆಲ್ಲ ಟೇಪ್ ಸುತ್ತಿಟ್ಟಿದ್ದ.

ಬೇರ್ಪಟ್ಟ ಹಳೆಯ ಸೆಲ್ 4.08 ತೋರಿಸಿತು. ಸೆಪ್ಟೆಂಬರ್ 1ಕ್ಕೆ ಅದು 3.91. ಅದರ ಜೊತೆಗಿದ್ದ ಮೂರು 4.09ರಲ್ಲೇ ಇದ್ದವು.

ಸೆಪ್ಟೆಂಬರ್ 2ರಿಂದ 9

ಕೊರಿಯರ್‌ನಲ್ಲಿ ಅದೇ ಜಾತಿಯ ಹೊಸ ಸೆಲ್ ನಾಲ್ಕು ತರಿಸಿದೆ, 720 ರೂಪಾಯಿ. ಒಂದನ್ನು 4.09ಕ್ಕೆ ತುಂಬಿ, ಹಳೆಯ ಜಾಗದ ಪಟ್ಟಿಯ ಚೂರುಗಳನ್ನು ಸೂಜಿ ಅರದಿಂದ ಸವರಿ, ಹೊಸ ಪಟ್ಟಿಯನ್ನು ಪಕ್ಕದ ಪಟ್ಟಿಯ ಮೇಲೆ ಹಾಸಿ ಬೆಸೆದೆ. ಮಿಕ್ಕ ಮೂರು ಡಬ್ಬಿಯಲ್ಲಿ. ಹಳೆಯ ಇಪ್ಪತ್ತೆರಡನ್ನೂ ತಗ್ಗು ಬಿದ್ದದ್ದನ್ನೂ ಬೇರೆ ಡಬ್ಬಿಗೆ ಹಾಕಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಲು ಶಟರ್ ಹೊರಗಿನ ಗೂಡಿನಲ್ಲಿಟ್ಟಿದ್ದೇನೆ. ಮತ್ತೆ ತುಂಬಿ ಆರು ದಿನ ಸುಮ್ಮನೆ ಇಟ್ಟೆ. ಹತ್ತೂ ಗುಂಪು 4.16, 4.17.

ಖರ್ಚು: ಸೆಲ್ 7,520, ಬಿಎಂಎಸ್ 780, ನಿಕ್ಕಲ್ 520, ವೆಲ್ಡರ್ 1,700, ಹೋಲ್ಡರ್ 320, ಚಾರ್ಜರ್ 1,150, ವೈರ್ ಕನೆಕ್ಟರ್ ಫ್ಯೂಸ್ 430, ಟೇಪ್ ಮತ್ತು ಶ್ರಿಂಕ್ 340. ಒಟ್ಟು 12,760. ಲ್ಯಾಪ್‌ಟಾಪ್ ಸೆಲ್ ಮತ್ತು ಕಬ್ಬಿಣದ ಪಟ್ಟಿಗೆ ದಂಡವಾದದ್ದು 2,340. ಎಲ್ಲ ಸೇರಿ 15,100. ಸೀಸ ಮಾರಿ ಬಂದ 900 ಕಳೆದರೆ 14,200. ಸಿದ್ಧ ಪ್ಯಾಕಿಗೆ ಜೂನ್‌ನಲ್ಲಿ ಒಬ್ಬರು ಹೇಳಿದ್ದ ಬೆಲೆ 13,500, ಒಂದು ವರ್ಷದ ವಾರಂಟಿ ಸಮೇತ. ವೆಲ್ಡರ್ ಮುಂದಿನ ಪ್ಯಾಕಿಗೂ ಆಗುತ್ತದೆ ಎಂಬ ನನ್ನ ವಾದವನ್ನು ಮನೆಯಾಕೆ ಇನ್ನೂ ಒಪ್ಪಿಲ್ಲ. ಮುಂದಿನ ಪ್ಯಾಕ್ ಎಂಬ ಮಾತೇ ಅವಳಿಗೆ ಹಿಡಿಸಿಲ್ಲ.

ಈಗ ಒಂದು ಚಾರ್ಜ್‌ಗೆ, ಏರಿನಲ್ಲಿ ಪೆಡಲ್ ಸೇರಿಸಿದರೆ, ಎರಡು ದಿನ ಹೋಗಿ ಬಂದು 36 ಕಿ.ಮೀ. ಆಗುತ್ತದೆ. ಚಾರ್ಜ್ ಮಾಡುವುದು ಅಂಗಡಿಯಲ್ಲಿ, ನಾನು ಎದುರಿಗೆ ಇರುವಾಗ ಮಾತ್ರ, ಮನೆಯೊಳಗೆ ಒಯ್ಯುವುದಿಲ್ಲ. ಹಸಿರು ದೀಪ ಬಂದ ಮೇಲೂ ಒಂದು ಗಂಟೆ ಬಿಡುತ್ತೇನೆ. ಜೋರು ಮಳೆಯಲ್ಲಿ ಇನ್ನೂ ಓಡಿಸಿಲ್ಲ. ಪೆಟ್ಟಿಗೆಯ ಬೀಗದ ತೂತಿನಿಂದ ನೀರು ಒಳಗೆ ಇಳಿಯುತ್ತದೆ, ಅದಕ್ಕೆ ಕೂರುವ ರಬ್ಬರ್ ಇನ್ನೂ ಸಿಕ್ಕಿಲ್ಲ.